ಹೆಸರಿನ ಕೈಗುಣ

ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಬೀದಿಯ ಹಾಲಿನ ಬೂತಿನಲ್ಲಿ 'ಎರಡು ನಂದಿನಿ' ಎಂದರೆ ಸಾಕಿತ್ತು. ಅದು ಹಾಲು, ಅದೂ ಅರ್ಧ ಲೀಟರಿನ ನೀಲಿ ಪ್ಯಾಕೆಟ್ಟು ಎಂಬುದರಲ್ಲಿ ಕೇಳಿದವರಿಗೂ ಕೊಟ್ಟವರಿಗೂ ಅನುಮಾನವಿರಲಿಲ್ಲ. ಈಗ ಹಾಗೆ ಕೇಳಿದರೆ ಬೂತಿನ ಹುಡುಗ ಮುಖ ನೋಡುತ್ತಾನೆ. 'ನಂದಿನಿ ಏನು ಸಾರ್?' ಹಾಲಾದರೆ ನೀಲಿಯೋ ಹಸಿರೋ ಕಿತ್ತಳೆಯೋ? ಹಾಲಲ್ಲದಿದ್ದರೆ ಮೊಸರು, ಮಜ್ಜಿಗೆ, ತುಪ್ಪ, ಪನೀರು, ಪೇಡ, ಮೈಸೂರು ಪಾಕು, ಐಸ್‌ಕ್ರೀಮು. 2024ರ ಡಿಸೆಂಬರಿನಿಂದ ಈ ಸಾಲಿಗೆ ಇಡ್ಲಿ-ದೋಸೆ ಹಿಟ್ಟೂ ಸೇರಿದೆ. ಒಂದು ಪದಾರ್ಥದ ಹೆಸರಾಗಿದ್ದದ್ದು ನೋಡನೋಡುತ್ತ ಒಂದು ಅಂಗಡಿಯ ಹೆಸರಾಗಿಬಿಟ್ಟಿತು.

ಕಂಪನಿಗಳವರು ಇದನ್ನು ಬ್ರಾಂಡ್ ವಿಸ್ತರಣೆ ಎನ್ನುತ್ತಾರೆ. ಲೆಕ್ಕ ಮೇಲ್ನೋಟಕ್ಕೆ ಸರಳ. ಹೊಸ ಹೆಸರೊಂದನ್ನು ಜನರ ಬಾಯಲ್ಲಿ ಕೂರಿಸಲು ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯಬೇಕು, ಡೀಲರುಗಳನ್ನು ಒಪ್ಪಿಸಬೇಕು, ಅಂಗಡಿಯ ಶೆಲ್ಫಿನಲ್ಲಿ ಒಂದು ಗೇಣು ಜಾಗಕ್ಕಾಗಿ ಅಂಗಲಾಚಬೇಕು. ಇಷ್ಟಾದರೂ ಗಿರಾಕಿ ಪೊಟ್ಟಣವನ್ನು ಅನುಮಾನದಿಂದ ತಿರುಗಿಸಿ ನೋಡಿ ಕೆಳಗಿಡಬಹುದು. ಹಳೆಯ ಹೆಸರಾದರೆ ಆ ಖರ್ಚೆಲ್ಲ ಆಗಲೇ ಆಗಿಹೋಗಿದೆ. ಹಾಗಾಗಿ ಆಡಳಿತ ಮಂಡಳಿಯ ಮುಂದೆ ಇಂಥ ಪ್ರಸ್ತಾವ ಬಂದಾಗ ಬೇಡವೆನ್ನುವವರು ಕಡಿಮೆ.

ನನ್ನ ತಕರಾರು ಈ ಲೆಕ್ಕದ ಮೊದಲ ಸಾಲಿನಲ್ಲೇ ಇದೆ. ಅದು ಹೆಸರನ್ನು ಬ್ಯಾಂಕಿನಲ್ಲಿಟ್ಟ ಠೇವಣಿಯಂತೆ ನೋಡುತ್ತದೆ. ಯಾವ ಖರ್ಚಿಗೆ ಬೇಕಾದರೂ ತೆಗೆಯಬಹುದು ಎಂದುಕೊಳ್ಳುತ್ತದೆ. ಕನ್ನಡದಲ್ಲಿ ನಮಗೊಂದು ಒಳ್ಳೆಯ ಮಾತಿದೆ: ಕೈಗುಣ. ಅದೇ ಬೇಳೆ, ಅದೇ ಪುಡಿ, ಅದೇ ಒಲೆ. ಆದರೂ ಅಜ್ಜಿ ಮಾಡಿದ ಸಾರಿನ ರುಚಿ ನಮ್ಮ ಕೈಗೆ ಬರುವುದಿಲ್ಲ. ಡಾಕ್ಟರ ಕೈಗುಣ ಚೆನ್ನಾಗಿದೆ ಎನ್ನುತ್ತೇವೆ. ಹಾಗೆಂದು ಜ್ವರಕ್ಕೆ ಕೈಗುಣವಿರುವ ಡಾಕ್ಟರ ಬಳಿ ಮುರಿದ ಮೂಳೆ ಹಿಡಿದುಕೊಂಡು ಯಾರೂ ಹೋಗುವುದಿಲ್ಲ. ಅವರ ಮೇಲಿನ ಗೌರವ ಕಡಿಮೆಯಾಗಿರುವುದಿಲ್ಲ, ಆದರೆ ಆ ಕೆಲಸ ಅವರ ಕೈಯದಲ್ಲ. ಒಂದು ಮಾರ್ಕನ್ನು ಜನ ನಂಬುವುದೂ ಹೀಗೆಯೇ. ಅದರ ಹಿಂದೆ ಯಾವುದೋ ಒಂದು ಕೆಲಸದಲ್ಲಿ ಪಳಗಿದ ಕೈ ಇದೆಯೆಂದು ನಂಬುತ್ತಾರೆ. ಹೊಸ ಸರಕು ಬಂದಾಗ ಅವರು ಕೇಳದೆಯೇ ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಆ ಕೈ ಒದಗುತ್ತದೆಯೇ?

1990ರಲ್ಲಿ ಡೇವಿಡ್ ಆಕರ್ ಮತ್ತು ಕೆವಿನ್ ಕೆಲ್ಲರ್ ಎಂಬ ಇಬ್ಬರು ಅಮೆರಿಕನ್ ಪ್ರಾಧ್ಯಾಪಕರು ಒಂದು ತಮಾಷೆಯ ಅಧ್ಯಯನ ಮಾಡಿದರು. ಇಲ್ಲದ ಸರಕುಗಳನ್ನು ಕಲ್ಪಿಸಿ ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿದರು. ಹೈನೆಕೆನ್ ಬಿಯರಿನವರು ಪಾಪ್‌ಕಾರ್ನ್ ತಂದರೆ? ಮೆಕ್‌ಡೊನಾಲ್ಡ್ಸ್‌ನವರು ಫೋಟೋ ತೊಳೆದುಕೊಡುವ ಅಂಗಡಿ ತೆರೆದರೆ? ಮೂಲ ಹೆಸರಿನ ಗುಣಮಟ್ಟ ಎಷ್ಟೇ ಮೇಲಿದ್ದರೂ ಹಳತಕ್ಕೂ ಹೊಸತಕ್ಕೂ ಹೊಂದಿಕೆ ಕಾಣದಿದ್ದರೆ ಆ ಗುಣಮಟ್ಟ ದಾಟಿಕೊಂಡು ಬರುವುದಿಲ್ಲ ಎಂಬುದು ಅವರಿಗೆ ಕಂಡ ಸಂಗತಿ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು. ಯಾರು ಬೇಕಾದರೂ ಸುಲಭವಾಗಿ ಮಾಡಬಹುದಾದ ಪದಾರ್ಥಕ್ಕೆ ದೊಡ್ಡ ಹೆಸರು ಅಂಟಿಸಿದರೂ ಜನ ಮುಖ ಸಿಂಡರಿಸಿದರು. ಕೈಚಳಕವೇ ಬೇಡದ ಕಡೆ ಕೈಗುಣದ ಬೆಲೆ ಕೇಳಿದರೆ ಅದು ಸುಲಿಗೆಯಂತೆ ಕಾಣುತ್ತದಲ್ಲವೇ.

ನಮ್ಮ ಊರಿನ ಕತೆಗಳಿಗೆ ಬರೋಣ. ಈ ವಿಷಯದಲ್ಲಿ ಬೆಂಗಳೂರಿಗಿಂತ ಒಳ್ಳೆಯ ಪಾಠಶಾಲೆ ಬೇರೆ ಕಡೆ ಸಿಗುವುದು ಕಷ್ಟ.

ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಸಣ್ಣ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ (ಎಂಟಿಆರ್) ಆಯಿತು, 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದವರು. ಬಂದವರೇ ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಮಾಡುವ ಶಿಸ್ತು ತಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಎಂದು ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ಹೋಟೆಲಿನ ಹೆಸರು ನಿಂತದ್ದು ಅಳತೆಯ ಮೇಲೆ ಮತ್ತು ಶುಚಿಯ ಮೇಲೆ.

ತುರ್ತು ಪರಿಸ್ಥಿತಿ ಬಂದಾಗ ತಿಂಡಿ-ಊಟಗಳಿಗೆ ಸರ್ಕಾರ ತೀರಾ ಕಡಿಮೆ ದರ ಕಟ್ಟಿತು. ಆ ದರಕ್ಕೆ ತಮ್ಮ ಹದ ಕಾಯ್ದುಕೊಂಡು ಹೋಟೆಲು ನಡೆಸುವುದು ಕಷ್ಟವಾದಾಗ ಮಯ್ಯರು ಪುಡಿಗಳ, ಮಿಕ್ಸುಗಳ ವ್ಯಾಪಾರಕ್ಕೆ ಇಳಿದರು. ಇದನ್ನು ದೂರದೃಷ್ಟಿಯ ಕಾರ್ಯತಂತ್ರ ಎಂದು ಬಣ್ಣಿಸುವುದು ಬಿಸಿನೆಸ್ ಪಾಠಗಳ ಚಾಳಿ. ನಿಜಕ್ಕೂ ಅದು ಇಕ್ಕಟ್ಟಿನಲ್ಲಿ ಹುಟ್ಟಿದ ಉಪಾಯ. ಆದರೆ ಆ ಉಪಾಯದೊಳಗೆ ಒಂದು ಜಾಣ ಆಯ್ಕೆ ಅಡಗಿತ್ತು. ಹೋಟೆಲಿನ ಅನುಭವದಲ್ಲಿ ಹಲವು ಸಂಗತಿಗಳಿವೆ. ಸರದಿಗಾಗಿ ಕಾಯುವುದು, ಲೋಟದ ಕಾಫಿ, ರವೆ ಇಡ್ಲಿಯ ಮೇಲೆ ಸುರಿದ ತುಪ್ಪ, ಬಡಿಸುವವರ ಅವಸರ. ಇವು ಯಾವುವೂ ಪೊಟ್ಟಣದಲ್ಲಿ ಹೋಗುವಂಥವಲ್ಲ. ಹೋಗಬಹುದಾದದ್ದು ಒಂದೇ: ಹದ. ಎಷ್ಟು ರವೆಗೆ ಎಷ್ಟು ಸೋಡಾ, ಎಷ್ಟು ಕೊತ್ತಂಬರಿ ಬೀಜಕ್ಕೆ ಎಷ್ಟು ಮೆಣಸಿನಕಾಯಿ ಎಂಬ ಲೆಕ್ಕ. ಉಳಿದ ಕೆಲಸವನ್ನು ಮನೆಯವರಿಗೇ ಬಿಟ್ಟರು. ಮೊಸರು ಕಲಸುವುದು, ಗೋಡಂಬಿ ಇಡುವುದು, ಹಬೆಯಲ್ಲಿ ಬೇಯಿಸುವುದು ಮನೆಯಲ್ಲೇ ಆಗಬೇಕು. ಆದ್ದರಿಂದ ಇಡ್ಲಿ ಚೆನ್ನಾಗಿ ಬಂದರೆ ಕೀರ್ತಿಯಲ್ಲಿ ಅಡುಗೆಮನೆಗೂ ಪಾಲು. ಅಂಗಡಿಯ ಮಿಕ್ಸ್ ತಂದೆನೆಂಬ ಅಳುಕು ಗೃಹಿಣಿಯರಲ್ಲಿ ಇದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಬಿಸಿ ಮಾಡಿ ತಿನ್ನುವ ಸಿದ್ಧ ಅಡುಗೆಯ ಪೊಟ್ಟಣಗಳು ಆಮೇಲೆ ಬಂದವು. ಅದರ ಹಿಂದೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ ತಂತ್ರಜ್ಞಾನವಿತ್ತು. ಸೈನಿಕರಿಗಾಗಿ ಬೆಳೆಸಿದ ವಿದ್ಯೆ ಅದು. ಹೆಸರು ಅದೇ ಆದರೂ ಇಲ್ಲಿ ಮನೆಯ ಕೈಗೆ ಕೆಲಸವಿಲ್ಲ, ಪೊಟ್ಟಣ ಕತ್ತರಿಸುವುದಷ್ಟೇ. ಹಾಗಾಗಿ ಹೋಲಿಕೆ ನೇರವಾಗಿ ಹೋಟೆಲಿನ ತಟ್ಟೆಯ ಜೊತೆಗೇ. ಪಕ್ಕದ ಬೀದಿಯಲ್ಲಿ ದರ್ಶಿನಿ ಇರುವ ಬೆಂಗಳೂರಿನವರಿಗೆ ಇದು ಬೇಕಿಲ್ಲದ ವಸ್ತು. ನ್ಯೂಜೆರ್ಸಿಯ ಚಳಿಯಲ್ಲಿ ಬಿಸಿಬೇಳೆಬಾತು ನೆನೆಯುವ ಹುಡುಗನಿಗೆ ಅದೇ ಹಬ್ಬ. ಅಂದರೆ ಹೆಸರೊಂದರ ಚಾಚು ಸರಕಿನ ಮೇಲೆ ಮಾತ್ರವಲ್ಲ, ಕೊಳ್ಳುವವರು ಊರಿನಿಂದ ಎಷ್ಟು ದೂರ ಇದ್ದಾರೆ ಎಂಬುದರ ಮೇಲೂ ನಿಂತಿದೆ.

2007ರಲ್ಲಿ ಎಂಟಿಆರ್ ಫುಡ್ಸ್ ಕಂಪನಿಯನ್ನು ನಾರ್ವೆಯ ಓರ್ಕ್ಲಾ ಕೊಂಡಿತು. ಹೋಟೆಲು ಕುಟುಂಬದವರಲ್ಲೇ ಉಳಿಯಿತು. ಮೂರಕ್ಷರದ ಒಂದೇ ಹೆಸರು, ಇಬ್ಬರು ಒಡೆಯರು. ಲಾಲ್‌ಬಾಗಿನಲ್ಲಿ ತಿಂಡಿ ತಿಂದು, ಬರುವಾಗ ಅಂಗಡಿಯಲ್ಲಿ ಸಾಂಬಾರ್ ಪುಡಿ ಕೊಂಡ ಎಷ್ಟು ಜನರಿಗೆ ಇದು ಗೊತ್ತೋ! ನನ್ನ ಕೈಗುಣದ ವಾದಕ್ಕೆ ಇದೊಂದು ತೊಡಕು ಎಂದು ನೀವು ಹೇಳಬಹುದು. ಕೈ ಬದಲಾದರೂ ಹೆಸರು ಓಡುತ್ತಲೇ ಇದೆಯಲ್ಲ? ಓಡುತ್ತಿದೆ, ಏಕೆಂದರೆ ಅಷ್ಟು ಹೊತ್ತಿಗೆ ಆ ಹದ ಕಾಗದಕ್ಕೂ ಯಂತ್ರಕ್ಕೂ ಇಳಿದಿತ್ತು. ಕೈಗುಣವನ್ನು ಬರೆದಿಡಲು ಸಾಧ್ಯವಾದಾಗ ಮಾತ್ರ ಅದನ್ನು ಮಾರಲೂ ಸಾಧ್ಯ. ಬರೆದಿಡಲಾಗದ್ದು ಮನುಷ್ಯರ ಜೊತೆಗೇ ಹೊರಡುತ್ತದೆ. ಕಂಪನಿಯನ್ನು ಕಟ್ಟಿ ಬೆಳೆಸಿದ ಸದಾನಂದ ಮಯ್ಯರು ಮುಂದೆ ಮನೆತನದ ಹೆಸರಿನಲ್ಲೇ 'ಮಯ್ಯಾಸ್' ಎಂಬ ಇನ್ನೊಂದು ಆಹಾರದ ಬ್ರಾಂಡ್ ಶುರುಮಾಡಿದರು.

ಹಕ್ಕಿಯ ಕತೆ ಇದಕ್ಕೆ ತದ್ವಿರುದ್ಧ. ಕಿಂಗ್‌ಫಿಷರ್ ಎಂದರೆ ಬಿಯರು. 2000ರಲ್ಲಿ ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿ ಬಂದು ಮದ್ಯದ ಜಾಹೀರಾತು ನಿಂತಿತು. ಆಮೇಲೆ ಆ ಹೆಸರು ನೀರಿನ ಬಾಟಲಿಗೆ, ಸೋಡಾಕ್ಕೆ, ಕ್ಯಾಲೆಂಡರಿಗೆ ಹತ್ತಿತು. ಇವನ್ನು ಉತ್ಪನ್ನ ವಿಸ್ತರಣೆ ಎನ್ನಲು ನನಗೆ ಸಂಕೋಚ. ನಿಜವಾದ ಸರಕನ್ನು ತೋರಿಸಲಾಗದಾಗ ಅದರ ಹೆಸರನ್ನು ಗಾಳಿಯಲ್ಲಿ ತೇಲಿಬಿಡುವ ಹಂಚಿಕೆ ಅದು. ತೇಲುತ್ತ ತೇಲುತ್ತ ಹೆಸರು 2005ರ ಮೇ ತಿಂಗಳಲ್ಲಿ ನಿಜಕ್ಕೂ ಗಾಳಿಗೆ ಏರಿತು, ವಿಮಾನವಾಗಿ. ಬಿಯರಿಗೂ ವಿಮಾನಕ್ಕೂ ಏನು ಹೊಂದಿಕೆ? ಕಂಪನಿಯ ಉತ್ತರ 'ಮೋಜು' ಎಂದಿತ್ತು. ಬಹುಕಾಲ ಪ್ರಯಾಣಿಕರೂ ಒಪ್ಪಿದರು. ಊಟ ಚೆನ್ನಾಗಿತ್ತು, ಸೀಟು ಚೆನ್ನಾಗಿತ್ತು, ಪರಿಚಾರಿಕೆಯರ ಕೆಂಪು ಉಡುಪು ಊರಿಗೆಲ್ಲ ಗೊತ್ತಾಯಿತು.

ಎರಡು ವರ್ಷಕ್ಕೇ ಕಿಂಗ್‌ಫಿಷರಿನವರು ಏರ್ ಡೆಕ್ಕನ್‌ನಲ್ಲಿ ಪಾಲು ಕೊಂಡರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರು-ಹುಬ್ಬಳ್ಳಿ ಹಾರಾಟದಿಂದ ಶುರುಮಾಡಿದ್ದ ಅಗ್ಗದ ವಿಮಾನ ಅದು. ಅದರ ಲಾಂಛನ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ: ಅದೇ ಚೌಕಳಿ ಕೋಟು, ಪಂಚೆ, ಕನ್ನಡಕ. ಮೊದಲ ಸಲ ವಿಮಾನ ಹತ್ತುವವರಿಗೆ ಆ ಚಿತ್ರ 'ಬಾರಪ್ಪ, ಇದು ನಿನಗೂ ಸೇರಿದ್ದು' ಎನ್ನುತ್ತಿತ್ತು. ಆ ಮುದುಕನನ್ನು ಇಳಿಸಿ ಹಕ್ಕಿಯನ್ನು ಕೂರಿಸಿದರು, 2008ರಲ್ಲಿ ಹೆಸರು 'ಕಿಂಗ್‌ಫಿಷರ್ ರೆಡ್' ಆಯಿತು. ಉತ್ಪನ್ನದ ಸಾಲು ಹಿಗ್ಗಿಸುವಾಗ ಆಗಬಹುದಾದ ತಪ್ಪುಗಳಲ್ಲಿ ಇದು ನನಗೆ ಅತಿ ದೊಡ್ಡದಾಗಿ ಕಾಣುತ್ತದೆ. ವೈಭೋಗದ ಹೆಸರನ್ನು ಅಗ್ಗದ ಟಿಕೆಟ್ಟಿಗೆ ಅಂಟಿಸಿದರೆ ಎರಡೂ ಕಡೆಯವರಿಗೆ ಮುಜುಗರ. ದುಬಾರಿ ಟಿಕೆಟ್ಟಿನವರಿಗೆ ತಮ್ಮ ದುಡ್ಡು ಯಾವುದಕ್ಕೆ ಹೋಯಿತು ಎಂಬ ಅನುಮಾನ. ಅಗ್ಗದ ಟಿಕೆಟ್ಟಿನವರಿಗೆ ಈ ಹೆಸರಿಗೆ ತಕ್ಕ ಊಟವೇಕಿಲ್ಲ ಎಂಬ ಸಿಟ್ಟು. ಇಂಧನದ ಬೆಲೆ, ಸಾಲದ ಹೊರೆ, ಎರಡು ಬಗೆಯ ವಿಮಾನಯಾನವನ್ನು ಒಂದೇ ಆಡಳಿತದಲ್ಲಿ ನಡೆಸುವ ಗೋಜಲು ಎಲ್ಲ ಸೇರಿ 2012ರ ಅಕ್ಟೋಬರಿನಲ್ಲಿ ಲೈಸೆನ್ಸು ಅಮಾನತಾಯಿತು. ಪತನಕ್ಕೆ ಹೆಸರೇ ಕಾರಣವೆಂದು ನಾನು ಹೇಳಲಾರೆ, ಕಾರಣಗಳು ಬೇಕಾದಷ್ಟಿದ್ದವು. ಆದರೆ ಹೆಸರು ಒಂದು ಕೆಡುಕು ಮಾಡಿತು: ವಿಮಾನ ನಡೆಸುವ ಕೈ ಇನ್ನೂ ಪಳಗಿಲ್ಲ ಎಂಬುದು ಬಹಳ ಹೊತ್ತಿನ ತನಕ ಯಾರಿಗೂ ಕಾಣದಂತೆ ಅದು ಮುಚ್ಚಿಟ್ಟಿತು. ಸಾಲ ಕೊಟ್ಟ ಬ್ಯಾಂಕುಗಳಿಗೂ ಕಾಣಲಿಲ್ಲ.

ಬ್ಯಾಂಕುಗಳ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. ವಿಮಾನ ಸಂಸ್ಥೆಯ ಟ್ರೇಡ್‌ಮಾರ್ಕನ್ನೇ ಅವು ಅಡವಿಟ್ಟುಕೊಂಡಿದ್ದವು. ಒಂದು ಕಾಲಕ್ಕೆ ಅದರ ಬೆಲೆಯನ್ನು 4,000 ಕೋಟಿ ರೂಪಾಯಿಗೂ ಹೆಚ್ಚೆಂದು ಅಂದಾಜು ಮಾಡಲಾಗಿತ್ತು. 2016ರ ಏಪ್ರಿಲಿನಲ್ಲಿ ಅದನ್ನು ಹರಾಜಿಗೆ ಇಟ್ಟಾಗ ಮೂಲ ಬೆಲೆ 366.70 ಕೋಟಿ. ಒಬ್ಬರೂ ಕೂಗಲಿಲ್ಲ. ಅದೇ ಹೊತ್ತಿಗೆ ಅದೇ ಹೆಸರಿನ ಬಿಯರು ಬಾರುಗಳಲ್ಲಿ ಎಂದಿನಂತೆ ಹೋಗುತ್ತಿತ್ತು. ಆ ಬಿಯರ್ ಕಂಪನಿಯ ಹಿಡಿತ 2021ರಲ್ಲಿ ಹೈನೆಕೆನ್ ಕೈಗೆ ಬಂತು. (ಪಾಪ್‌ಕಾರ್ನ್ ಮಾಡುವ ಸುಳಿವು ಇನ್ನೂ ಇಲ್ಲ.) ಬ್ಯಾಂಕುಗಳು ಹಿಡಿದುಕೊಂಡದ್ದು ಹೆಸರನ್ನು, ಬಿಯರು ಕುದಿಸುವ ಕೈ ಆ ಅಡಮಾನದಲ್ಲಿ ಸೇರಿರಲಿಲ್ಲ.

ಹಾಗಾದರೆ ಹೊಂದಿಕೆಯಿಲ್ಲದ ಕ್ಷೇತ್ರಕ್ಕೆ ಕಾಲಿಡಲೇಬಾರದೇ? ಹೊಸೂರಿನ ಕಡೆ ನೋಡಿದರೆ ಹಾಗೆ ಹೇಳಲಾಗುವುದಿಲ್ಲ. ಟಾಟಾ ಸಮೂಹವೂ ತಮಿಳುನಾಡಿನ ಕೈಗಾರಿಕಾ ನಿಗಮವೂ ಸೇರಿ 1984ರಲ್ಲಿ ಟೈಟನ್ ಕಟ್ಟಿದವು. ಜೆರ್ಕ್ಸೆಸ್ ದೇಸಾಯಿ ಅದರ ಮುಖ್ಯಸ್ಥರು. ಕ್ವಾರ್ಟ್ಸ್ ಗಡಿಯಾರದಲ್ಲಿ ಗೆದ್ದ ಮೇಲೆ 1990ರ ದಶಕದಲ್ಲಿ ಅವರು ಚಿನ್ನಕ್ಕೆ ಕೈಹಾಕಿದರು. ಟೈಟನ್ ಎಂಬ ಹೆಸರನ್ನು ಬಿಟ್ಟು ತನಿಷ್ಕ್ ಎಂಬ ಹೊಸ ಹೆಸರಿಟ್ಟರು. ಟಾಟಾದ ಮೊದಲಕ್ಷರವೂ ಚಿನ್ನದ ನಾಣ್ಯಕ್ಕಿದ್ದ 'ನಿಷ್ಕ' ಎಂಬ ಹಳೆಯ ಪದವೂ ಸೇರಿ ಆ ಹೆಸರಾಯಿತು ಎನ್ನುವುದುಂಟು.

ಮೊದಲು ಎಡವಿದರು. ತಮ್ಮ ಕೈಗುಣ ವಿನ್ಯಾಸದಲ್ಲಿದೆ ಎಂದು ಅವರು ಎಣಿಸಿದ್ದರು. ಯುರೋಪಿನ ಮಾದರಿಯ, ಹರಳು ಕೂರಿಸಿದ 18 ಕ್ಯಾರಟ್ಟಿನ ಒಡವೆ ಮಾಡಿ ಮಾರಲು ಕೂತರು. ನಮ್ಮ ಹೆಂಗಸರು ನೋಡಿ ಮೆಚ್ಚಿ ಎದ್ದುಬಂದರು. ನಮ್ಮಲ್ಲಿ ಒಡವೆ ಎಂದರೆ ಅಂದವೂ ಹೌದು, ಆಪತ್ಕಾಲದ ಗಂಟೂ ಹೌದು. 22 ಕ್ಯಾರಟ್ಟಿಗಿಂತ ಇಳಿದರೆ ಗಂಟು ಕರಗಿದಂತೆ. ಆಗ ಕಂಪನಿ ತನ್ನ ಪಟ್ಟು ಬಿಟ್ಟು 22 ಕ್ಯಾರಟ್ಟಿಗೆ ಬಂತು. ಅದರ ಜೊತೆ ಮಳಿಗೆಗಳಲ್ಲಿ ಕ್ಯಾರಟ್‌ಮೀಟರ್ ಎಂಬ ಯಂತ್ರ ಇಟ್ಟಿತು. ಕರಗಿಸದೆ, ಉಜ್ಜದೆ, ಗಿರಾಕಿಯ ಕಣ್ಣೆದುರೇ ಚಿನ್ನದ ಶುದ್ಧತೆ ಹೇಳುವ ಯಂತ್ರ. ತಲೆಮಾರುಗಳಿಂದ ನಂಬಿದ ಅಂಗಡಿಯ ಬಳೆಯನ್ನು ತಂದು ಅದರಲ್ಲಿಟ್ಟ ಕೆಲವರಿಗೆ ಕಂಡ ಅಂಕಿ ನುಂಗಲಾರದ ತುತ್ತಾಯಿತು. 22 ಎಂದು ಕೊಂಡದ್ದು ಅಷ್ಟಿರಲಿಲ್ಲ.

ಈ ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ತನಿಷ್ಕ್ ಗೆದ್ದಿತೆಂಬುದಲ್ಲ. ಜನಕ್ಕೆ ತನ್ನ ಯಾವ ಕೈ ಬೇಕಾಗಿದೆ ಎಂಬುದು ಕಂಪನಿಗೇ ಗೊತ್ತಿರಲಿಲ್ಲ, ಅದು ಮುಖ್ಯ. ಜನ ಟಾಟಾದವರಿಂದ ಬಯಸಿದ್ದು ಪ್ಯಾರಿಸಿನ ವಿನ್ಯಾಸವನ್ನಲ್ಲ, ಸುಳ್ಳಾಡದ ಅಳತೆಯನ್ನು. ಗಡಿಯಾರ ಮಾಡಿದವರಿಂದ ಅಳತೆಯ ನಿಖರತೆ ಕೇಳುವುದರಲ್ಲಿ ತರ್ಕವೂ ಇದೆ. ಸರಕು ನೋಡಿದರೆ ಕೈಗಡಿಯಾರಕ್ಕೂ ಕಾಸಿನ ಸರಕ್ಕೂ ಯಾವ ನಂಟೂ ಇಲ್ಲ, ಕೈಗುಣ ನೋಡಿದರೆ ಅವು ಅಕ್ಕಪಕ್ಕದ ಮನೆ. ಇವತ್ತು ಟೈಟನ್ ಕಂಪನಿಯ ಆದಾಯದ ಬಹುಪಾಲು ಬರುವುದು ಒಡವೆಯಿಂದ. 2021ರಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಗತೊಡಗಿದ ಮೇಲೆ ಶುದ್ಧತೆಯನ್ನು ಯಾರು ಬೇಕಾದರೂ ತೋರಿಸಬಹುದು. ತಮ್ಮ ಆ ಹಳೆಯ ಹೆಚ್ಚುಗಾರಿಕೆ ಸರ್ಕಾರದ ಮುದ್ರೆಯಾಗಿ ಎಲ್ಲರ ಪಾಲಾದಾಗ ಅವರು ಏನನ್ನು ಹೆಚ್ಚುಗಾರಿಕೆಯಾಗಿ ತೋರುತ್ತಾರೆ ಎಂಬುದು ಇನ್ನು ಮುಂದಿನ ಕುತೂಹಲ. ಹರೆಯದವರಿಗೆ ಫಾಸ್ಟ್‌ಟ್ರ್ಯಾಕ್, ಸೀರೆಗೆ ತನೈರಾ, ಕಡಿಮೆ ಬೆಲೆಯ ಗಡಿಯಾರಕ್ಕೆ ಸೊನಾಟಾ ಎಂದು ಅವರು ಬೇರೆ ಬೇರೆ ಹೆಸರು ಇಟ್ಟದ್ದನ್ನೂ ಗಮನಿಸಬೇಕು. ಮಗಳ ಮದುವೆಯ ಹಾರ ಕೊಳ್ಳುವಾಗಿನ ಗಾಂಭೀರ್ಯವೂ ಕಾಲೇಜು ಹುಡುಗರ ಪಟ್ಟಿಯ ತುಂಟತನವೂ ಒಂದೇ ಫಲಕದ ಕೆಳಗೆ ನಿಲ್ಲುವುದು ಕಷ್ಟ.

ನನ್ನ ವಾದಕ್ಕೆ ನಿಜವಾದ ತೊಡಕು ಜಾಲಹಳ್ಳಿಯದು. ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ, ಯಂತ್ರ ಮಾಡುವ ಯಂತ್ರಗಳಿಗಾಗಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರ, ಆಮೇಲೆ ಟ್ರ್ಯಾಕ್ಟರು, ಬಲ್ಬು, ಮುದ್ರಣಯಂತ್ರ. ಕೈಗುಣದ ದೃಷ್ಟಿಯಿಂದ ಇದಕ್ಕಿಂತ ನ್ಯಾಯವಾದ ವಿಸ್ತರಣೆ ಇನ್ನೊಂದಿಲ್ಲ. ಸೂಕ್ಷ್ಮ ಯಂತ್ರಗಾರಿಕೆಯೇ ಎಲ್ಲದರ ತಾಯಿಬೇರು. ಮದುವೆಯಲ್ಲಿ ಅಳಿಯನ ಕೈಗೆ ಎಚ್‌ಎಂಟಿ ಕಟ್ಟದ ಮಾವ ಮಾವನೇ ಅಲ್ಲ ಎಂಬ ಕಾಲವಿತ್ತು. ಆದರೂ ಗಡಿಯಾರದ ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು 2016ರಲ್ಲಿ ಕೇಂದ್ರ ಸಂಪುಟ ತೆಗೆದುಕೊಂಡಿತು. ಕೈ ಪಳಗಿತ್ತು, ಹೆಸರಿತ್ತು, ಹೊಂದಿಕೆಯಿತ್ತು. ಸಾಲದ್ದು ಬೇರೆಯದೇ: ಎದುರಿಗೆ ಟೈಟನ್ ಹವಾನಿಯಂತ್ರಿತ ಮಳಿಗೆಯಲ್ಲಿ ಗಡಿಯಾರವನ್ನು ಒಡವೆಯಂತೆ ಜೋಡಿಸಿಟ್ಟು ಮಾರುತ್ತಿದ್ದಾಗ, ಬೇಗ ನಿರ್ಧರಿಸುವ ಹಕ್ಕು ಇಲ್ಲಿ ಕಾರ್ಖಾನೆಯ ಬಳಿ ಇರಲಿಲ್ಲ. ಹಾಗಾಗಿ ಕೈಗುಣವೊಂದಿದ್ದರೆ ಸಾಕೆಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ಹೊರಟವರಿಗೆ ಬೀಳುವ ದಾರಿ ಒಂದಾದರೆ, ಅದನ್ನಿಟ್ಟುಕೊಂಡು ಕೂತವರಿಗೆ ಬೀಳುವ ದಾರಿ ಇನ್ನೊಂದು.

ಮೈಸೂರು ಸ್ಯಾಂಡಲ್ ಸೋಪಿನ ಬಗ್ಗೆ ಹೆಚ್ಚು ಹೇಳುವುದು ಬೇಡ, ಎಲ್ಲರಿಗೂ ಗೊತ್ತಿರುವ ಕತೆ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತು ಮರ ರಾಶಿಬಿದ್ದಾಗ ನಾಲ್ವಡಿಯವರ ಸರ್ಕಾರ ಎಣ್ಣೆ ತೆಗೆಯಲು ಹೊರಟಿತು, ಎಣ್ಣೆಯಿಂದ ಸೋಪು ಬಂತು. ಇಲ್ಲಿ ಉಳಿದುಹೋದ ಕಚ್ಚಾವಸ್ತುವೇ ಮೊದಲು, ಹೆಸರು ಆಮೇಲೆ. ಆ ಹೆಸರಿನ ಬಂಡವಾಳ ಒಂದು ಪರಿಮಳ. ಅಗರಬತ್ತಿ, ಟಾಲ್ಕ್ ಪೌಡರು ಅದರ ನೆಂಟರೇ. ಬಟ್ಟೆ ಒಗೆಯುವ ಪುಡಿಯ ಮಟ್ಟಿಗೆ ಮಾತ್ರ ಸೋಪಿನ ಮೇಲಿನ ಶರಭದ ಗುರುತಿಗೆ ಅಲ್ಲೇನು ಕೆಲಸ ಎಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಕಂಪನಿಗಳ ಸಭೆಗೆ ಕರೆಯದ ಒಬ್ಬ ಸಾಕ್ಷಿ ಇದ್ದಾನೆ, ಕಿರಾಣಿ ಅಂಗಡಿಯವನು. ಅವನನ್ನು ಕೇಳಿದರೆ ಸರಕಿನಲ್ಲಿ ಎರಡೇ ಜಾತಿ: ಓಡುವ ಮಾಲು, ಕೂರುವ ಮಾಲು. ಹೆಸರುವಾಸಿ ಮಾಲಿನ ಜೊತೆ ಅದೇ ಹೆಸರಿನ ಹೊಸ ಮಾಲನ್ನೂ ತುಸು ಎತ್ತಿಕೊಳ್ಳಲೇಬೇಕೆಂದು ಸೇಲ್ಸ್‌ಮನ್ನು ಒತ್ತಾಯಿಸುವುದು ಹಳೆಯ ರೂಢಿ. ಕಂಪನಿಯ ಪುಸ್ತಕದಲ್ಲಿ ಅದು 'ಮಾರಾಟ' ಎಂದು ದಾಖಲಾಗುತ್ತದೆ. ಅಂಗಡಿಯಲ್ಲಿ ಅದು ಮೇಲಿನ ಶೆಲ್ಫಿನಲ್ಲಿ ದೂಳು ಹಿಡಿಯುತ್ತ ಅವಧಿ ಮುಗಿಯುವ ದಿನ ಎಣಿಸುತ್ತದೆ. ನಮ್ಮ ಮೂಲೆಯ ಅಂಗಡಿಯಾತ ಒಮ್ಮೆ ಹೇಳಿದ: 'ಹೆಸ್ರು ನೋಡಿ ಮೊದ್ಲ ಸಲ ತಗೋತಾರೆ ಸಾರ್. ಎರಡ್ನೇ ಸಲ ಬಂದು ಕೇಳಿದ್ರೆ ಮಾತ್ರ ನಾನು ಆರ್ಡರ್ ಹಾಕೋದು.' ಮೊದಲ ಮಾರಾಟದ ಅಂಕಿ ನೋಡಿ ಹಿಗ್ಗುವ ಮ್ಯಾನೇಜರುಗಳು ಈ ಎರಡನೇ ಸಲದ ಅಂಕಿಗಾಗಿ ಆರು ತಿಂಗಳು ಕಾಯ್ದರೆ ಎಷ್ಟೋ ಪೊಟ್ಟಣಗಳು ಹುಟ್ಟುವುದೇ ಇಲ್ಲ.

ಒಂದೇ ಹೆಸರಿನ ಕೊಡೆಯಡಿ ಎಲ್ಲವನ್ನೂ ನಿಲ್ಲಿಸುವುದರಲ್ಲಿ ಇನ್ನೊಂದು ಅಪಾಯವಿದೆ. 2015ರ ಜೂನಿನಲ್ಲಿ ಮ್ಯಾಗಿ ನೂಡಲ್ಸಿನ ಮೇಲೆ ನಿಷೇಧ ಬಿತ್ತು. ಬಾಂಬೆ ಹೈಕೋರ್ಟು ಆಗಸ್ಟಿನಲ್ಲಿ ಅದನ್ನು ರದ್ದುಮಾಡಿತು, ಹೊಸದಾಗಿ ಪರೀಕ್ಷೆಯಾಗಿ ನವೆಂಬರಿನಲ್ಲಿ ನೂಡಲ್ಸು ಮರಳಿ ಬಂತು. ಆ ಐದು ತಿಂಗಳು ಅದೇ ಹೆಸರು ಹೊತ್ತ ಕೆಚಪ್ಪು ಏನೂ ತಪ್ಪು ಮಾಡದೆ ಶೆಲ್ಫಿನಲ್ಲಿ ಕೂತಿತ್ತು.

ಮತ್ತೆ ಬೂತಿಗೆ ಬರುತ್ತೇನೆ. ನಂದಿನಿಯ ವಿಷಯ ಉಳಿದೆಲ್ಲರಿಗಿಂತ ಬೇರೆ. ಖಾಸಗಿ ಕಂಪನಿ ಮೊದಲು ಮಾರುಕಟ್ಟೆ ನೋಡಿ ಆಮೇಲೆ ಕಚ್ಚಾವಸ್ತು ಕೊಳ್ಳುತ್ತದೆ. ಹಾಲು ಒಕ್ಕೂಟಕ್ಕೆ ಆ ಸ್ವಾತಂತ್ರ್ಯವಿಲ್ಲ. ಬೆಳಿಗ್ಗೆ, ಸಂಜೆ ಊರಿನ ಡೇರಿಗೆ ಬಂದ ಕ್ಯಾನನ್ನು 'ಇವತ್ತು ಬೇಡ' ಎಂದು ಹಿಂದೆ ಕಳಿಸುವಂತಿಲ್ಲ, ಹಸುವಿಗೆ ರಜೆಯಿಲ್ಲ. 2024ರಲ್ಲಿ ಸಂಗ್ರಹ ದಿನಕ್ಕೆ 1 ಕೋಟಿ ಲೀಟರಿನ ಹತ್ತಿರ ಬಂದಾಗ ಕರ್ನಾಟಕ ಹಾಲು ಮಹಾಮಂಡಳ ಮಾಡಿದ್ದನ್ನು ನೆನೆಯಿರಿ. ಪ್ಯಾಕೆಟ್ಟಿನಲ್ಲಿ 50 ಮಿಲಿ ಹೆಚ್ಚು ತುಂಬಿಸಿ 2 ರೂಪಾಯಿ ಏರಿಸಿತು. ಬೆಲೆಯೇರಿಕೆ ಎಂದು ಜನ ಬೈದರು, ಅದರಲ್ಲಿ ಉಕ್ಕುತ್ತಿದ್ದ ಹಾಲನ್ನು ಎಲ್ಲಿ ಸುರಿಯಬೇಕೆಂಬ ಪೇಚಾಟವೂ ಇತ್ತು. ಮುಂದಿನ ಏಪ್ರಿಲಿನಲ್ಲಿ ದರ ಇನ್ನೂ ಏರಿತು, ಪ್ಯಾಕೆಟ್ಟು ಹಳೆಯ ಅಳತೆಗೆ ಇಳಿಯಿತು. ಈ ದೃಷ್ಟಿಯಿಂದ ನೋಡಿದರೆ ಪೇಡ, ಮೈಸೂರು ಪಾಕು, ಹಾಲಿನ ಪುಡಿಗಳೆಲ್ಲ ಮಾರ್ಕೆಟಿಂಗ್ ಜಾಣ್ಮೆಗಿಂತ ಹೆಚ್ಚಾಗಿ ರೈತರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ದಾರಿಗಳು.

ಈ ಹೆಸರಿನ ಗಡಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಮಹಾಮಂಡಳ ನಂದಿನಿ ಹೆಸರನ್ನು ಬಳಸುತ್ತಿದ್ದದ್ದು 1985ರಿಂದ. 1989ರಿಂದ 'ನಂದಿನಿ' ಹೆಸರಿನಲ್ಲಿ ಬೆಂಗಳೂರಿನಲ್ಲಿ ಹೋಟೆಲು ನಡೆಸುತ್ತಿದ್ದವರು ಅದನ್ನು ನೋಂದಾಯಿಸಲು ಹೋದಾಗ ಮಹಾಮಂಡಳ ತಕರಾರು ಎತ್ತಿತು. 2018ರ ಜುಲೈನಲ್ಲಿ ತೀರ್ಪು ಹೋಟೆಲಿನ ಕಡೆಗಾಯಿತು, ಆದರೆ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಅವರು ಆ ಹೆಸರು ಬಳಸುವಂತಿಲ್ಲ ಎಂಬ ಷರತ್ತಿನ ಮೇಲೆ. ನಂದಿನಿ ಪುರಾಣದ ಹಸುವಿನ, ದೇವಿಯ ಹೆಸರು. ಹಾಲು ಮಾರಿದಾಕ್ಷಣ ಇಡೀ ವರ್ಗದ ಸರಕುಗಳ ಮೇಲೆ ಒಬ್ಬರಿಗೇ ಏಕಸ್ವಾಮ್ಯ ಸಿಗದು ಎಂಬುದು ನ್ಯಾಯಾಲಯದ ನಿಲುವು. ಬಿರಿಯಾನಿ ತಿನ್ನಲು ಹೋದವರು ಅದನ್ನು ಹಾಲಿನ ಡೇರಿಯವರೇ ಮಾಡಿದ್ದೆಂದು ಎಂದೂ ಭಾವಿಸಿರಲಿಲ್ಲ. ಜನ ಆಗಲೇ ಹಾಕಿಕೊಂಡಿದ್ದ ಗೆರೆಯ ಮೇಲೆಯೇ ಕಾನೂನು ತನ್ನ ಗೆರೆ ಎಳೆಯಿತು.

ಹಾಗಾದರೆ ದೋಸೆ ಹಿಟ್ಟು ಆ ಗೆರೆಯ ಯಾವ ಕಡೆ? ಅಕ್ಕಿ-ಉದ್ದು ರುಬ್ಬುವುದು ಡೇರಿಯ ಕೆಲಸವಲ್ಲ ಎಂದು ಮೊದಲು ನನಗೂ ಅನಿಸಿತ್ತು. ಎದುರಿಗಿರುವವರು ಸಾಮಾನ್ಯರಲ್ಲ, ಬೆಂಗಳೂರಿನಲ್ಲಿ 2005ರಲ್ಲಿ ಹಿಟ್ಟಿನಿಂದಲೇ ಶುರುವಾಗಿ ಪರೋಟ, ಪನೀರು, ಕಾಫಿ ಡಿಕಾಕ್ಷನ್ನಿನ ತನಕ ಹೋದ 'ಐಡಿ'ಯ ಹೆಸರಿನಲ್ಲೇ ಇಡ್ಲಿ-ದೋಸೆಗಳ ಮೊದಲಕ್ಷರಗಳಿವೆ. ನಂದಿನಿಯವರು ತಮ್ಮ ಹಿಟ್ಟಿಗೆ ಹಾಲಿನಿಂದ ಬರುವ ವೇ ಪ್ರೋಟೀನು ಬೆರೆಸಿ ಹಳೆಯ ಕಸುಬಿನ ಒಂದು ಎಳೆ ಉಳಿಸಿಕೊಂಡಿದ್ದಾರೆ. ಪೊಟ್ಟಣದ ಮೇಲೆ ಬರೆಯಲು ಅದು ಚೆನ್ನ. ಆದರೆ ಕೊಳ್ಳುವವರ ಚಿಂತೆ ಪ್ರೋಟೀನಿನದಲ್ಲ. ಮೊನ್ನೆ ಬೂತಿನಲ್ಲಿ ನನ್ನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಹಿಟ್ಟಿನ ಪೊಟ್ಟಣ ಒತ್ತಿ ನೋಡಿ ಕೇಳಿದ್ದು ಇಷ್ಟೇ: 'ಇದು ಹುಳಿ ಬರುತ್ತೇನಪ್ಪ?'

ಹಾಲಿನ ಪ್ಯಾಕೆಟ್ಟಿಗೆ ಈ ಪ್ರಶ್ನೆ ಕೇಳುವುದೆಂದರೆ ಅನುಮಾನಪಟ್ಟಂತೆ. ಹಾಲು ಹುಳಿಯಾಗದಂತೆ ಕಾಪಾಡುವುದೇ ಆ ಹೆಸರಿನ ನಾಲ್ಕು ದಶಕಗಳ ದುಡಿಮೆ. ಹಿಟ್ಟಿಗೆ ಮಾತ್ರ ಹುಳಿಯೇ ಪ್ರಾಣ. ಕಡಿಮೆಯಾದರೆ ದೋಸೆ ಏಳದು, ಹೆಚ್ಚಾದರೆ ಬಾಯಿಗೆ ಹಾಕಲಾಗದು. ಒಂದೇ ಫ್ರಿಡ್ಜಿನಲ್ಲಿ ಒಂದನ್ನು ಹುಳಿಯಾಗದಂತೆ, ಇನ್ನೊಂದನ್ನು ಸರಿಯಾಗಿ ಹುಳಿಯಾಗುವಂತೆ ಇಟ್ಟುಕೊಳ್ಳಬೇಕು. ಬೂತಿನ ಹುಡುಗ ಉತ್ತರ ಹೇಳಲಿಲ್ಲ. ಅಜ್ಜಿ ಒಂದು ಗಳಿಗೆ ಯೋಚಿಸಿ, 'ಮೊಸರು ಚೆನ್ನಾಗೇ ಮಾಡ್ತಾರಲ್ಲ' ಎಂದು ತಮಗೆ ತಾವೇ ಹೇಳಿಕೊಂಡು ಒಂದು ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡರು.